ಜ್ವರ ಬಂದ್ರೇನೇ ಇಂಜೆಕ್ಷನ್ ಹಿಡಿದಂಗಾ? ಅದರಲ್ಲಿರೋ ಅಲ್ಯೂಮಿನಿಯಂ ಯಾಕೆ?

ಪಾಪುಅಪ್ಪ_ತಿಪಟೂರು

ಎಲ್ರಿಗೂ ನಮಸ್ಕಾರ. ಮೊನ್ನೆ ಪಾಪುಗೆ ಒಂದೂವರೆ ತಿಂಗಳಿನ ಇಂಜೆಕ್ಷನ್ ಹಾಕಿಸ್ಕೊಂಡು ಬಂದ್ವಿ, ಎರಡೂ ತೊಡೆಗೆ ಒಂದೊಂದು, ತೋಳಿಗೊಂದು, ಬಾಯಿಗೆ ಹನಿ. ರಾತ್ರಿ ಮೈ ಕಾದು 101 ಬಂತು, ಸಿಸ್ಟರ್ ಕೊಟ್ಟಿದ್ದ ಡ್ರಾಪ್ಸ್ ಹಾಕಿದ್ವಿ, ಬೆಳಿಗ್ಗೆಗೆ ಬಿಡ್ತು. ಆದ್ರೆ ಎಡತೊಡೇಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಹಂಗೇ ಇದೆ. ನಮ್ಮತ್ತೆ "ಜ್ವರ ಬಂದ್ರೇನೇ ಹಿಡಿದಂಗೆ, ಸುಮ್ನಿರಪ್ಪ" ಅಂತಾರೆ. ನನ್ ತಂಗಿ ಮಗೂಗೆ ಬೆಂಗಳೂರಲ್ಲಿ ದುಡ್ಡು ಕೊಟ್ಟು ಪೇನ್‌ಲೆಸ್ ಹಾಕ್ಸಿದ್ರು, ಮೈ ಬೆಚ್ಚಗೂ ಆಗ್ಲಿಲ್ಲ, ಹಂಗಾದ್ರೆ ಅದು ಹಿಡೀಲಿಲ್ವಾ? ಇನ್ನೊಂದು, ಬಾಟ್ಲಿ ಮೇಲೆ ಅಲ್ಯೂಮಿನಿಯಂ ಅಂತ ಬರೆದಿತ್ತು. ರೋಗದ ತುಣುಕು ಸಾಲ್ದೆ ಲೋಹ ಯಾಕೆ ಹಾಕ್ತಾರೆ?

ಲ್ಯಾಬ್‌ಮೇಡಂ

ಅತ್ತೆ ಹೇಳಿದ್ದು ಅರ್ಧ ಸರಿ ಸರ್. ರಾತ್ರಿ ಊರಿಗೆ ಯಾರೋ ಹೊಸಬ ಬಂದು ಬೀದೀಲಿ ನಡ್ಕೊಂಡು ಹೋದ ಅಂದ್ಕೊಳ್ಳಿ, ನಾಯಿ ಬೊಗಳ್ದೆ ಇದ್ರೆ ಒಬ್ರೂ ಎದ್ದು ಚಿಲಕ ತೆಗೆಯಲ್ಲ. ಚೆನ್ನಾಗಿ ಶುದ್ಧ ಮಾಡಿದ ಪ್ರೋಟೀನ್ ತುಣುಕೂ ಅಷ್ಟೇ, ಮೈ ಅದನ್ನ ಗಮನಿಸೋದೇ ಇಲ್ಲ. ನಾಯಿ ಬೊಗಳೋ ಹಂಗೆ ಮಾಡೋದಕ್ಕೇ ಜೊತೇಲಿ ಒಂದು ವಸ್ತು ಸೇರಿಸ್ತಾರೆ, ಅದೇ ಅಡ್ಜುವೆಂಟ್. ನಿಮ್ಮ ಬಾಟ್ಲಿಲಿ ಆ ಕೆಲಸ ಅಲ್ಯೂಮಿನಿಯಂ ಉಪ್ಪಿನದು.

ಸೂಜಿ ಇಳಿದ ಕೆಲವೇ ಗಂಟೇಲಿ ತೊಡೆ ಮಾಂಸದಲ್ಲಿರೋ ಮ್ಯಾಕ್ರೋಫೇಜ್ ಅನ್ನೋ ಕಾವಲು ಸೆಲ್‌ಗಳು ಸಿಗ್ನಲ್ ಬಿಡ್ತವೆ, ರಕ್ತದಿಂದ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಬರ್ತವೆ, ಹಿಂದೇನೇ ಮಾನೋಸೈಟ್ ಅನ್ನೋ ಇನ್ನೊಂದು ಥರದವು ಬರ್ತವೆ, ನಿಮ್ಮ ಕೈಗೆ ಸಿಕ್ಕಿರೋ ಗಂಟು ಹೆಚ್ಚುಕಮ್ಮಿ ಇದೇ ಜಾತ್ರೆ. ಇದರ ಮಧ್ಯೆ ಡೆಂಡ್ರಿಟಿಕ್ ಸೆಲ್‌ಗಳು ತುಣುಕನ್ನ ನುಂಗಿ ಒಂದೆರಡು ದಿನದಲ್ಲಿ ತೊಡೆಸಂದಿ ಲಿಂಫ್ ಗ್ರಂಥಿಗೆ ಹೋಗಿ, ರೋಗದ ಮೇಲೆ ದಾಳಿ ನಡೆಸೋ ಟಿ ಸೆಲ್‌ಗೆ ತೋರಿಸ್ತವೆ. ಇಲ್ಲೊಂದು ಮಜಾ ಇದೆ, ಬರೀ ತುಣುಕು ತೋರಿಸಿದ್ರೆ ಟಿ ಸೆಲ್ ಏಳಲ್ಲ, "ಅಲ್ಲಿ ಏನೋ ಗಲಾಟೆ ಆಗಿದೆ" ಅನ್ನೋ ಎರಡನೇ ಗುರುತೂ ಆ ಡೆಂಡ್ರಿಟಿಕ್ ಸೆಲ್ ಮೈಮೇಲೆ ಇರ್ಬೇಕು. ಆ ಗುರುತು ಮೂಡಿಸೋದು ಅಡ್ಜುವೆಂಟ್. ರೋಗಾಣು ತಡೆಯೋ ಆಂಟಿಬಾಡಿ ರಕ್ತದಲ್ಲಿ ಕಾಣ್ಸೋಕೆ ಒಂದೆರಡು ವಾರ ಬೇಕು, ಆದ್ರೆ ಅದು ಹೆಂಗಿರುತ್ತೆ ಅನ್ನೋದು ಬಹುಪಾಲು ಈ ಮೊದಲ ಎರಡು ದಿನದಲ್ಲೇ ತೀರ್ಮಾನ ಆಗಿರುತ್ತೆ.

ಇನ್ನು ಜ್ವರ. ಅದು ಮುಖ್ಯವಾಗಿ ಅಲ್ಯೂಮಿನಿಯಂದಲ್ಲ, ನಿಮ್ಮ ಪಾಪುಗೆ ಹಾಕಿದ್ರಲ್ಲಿ ನಾಯಿಕೆಮ್ಮಿನ ಇಡೀ ಸತ್ತ ಬ್ಯಾಕ್ಟೀರಿಯಾನೇ ಇರುತ್ತೆ, ಅದರ ಗೋಡೇಲಿರೋ ಎಂಡೋಟಾಕ್ಸಿನ್ ಅನ್ನೋ ವಸ್ತುವಿಂದು. ಪೇನ್‌ಲೆಸ್‌ನಲ್ಲಿ ಆ ಬ್ಯಾಕ್ಟೀರಿಯಾದ ಎರಡರಿಂದ ಐದು ತುಣುಕು ಮಾತ್ರ ಇರೋದ್ರಿಂದ ಜ್ವರ ಕಮ್ಮಿ. ತಂಗಿ ಮಗೂಗೂ ಹಿಡಿದಿರುತ್ತೆ, ಚಿಂತೆ ಬೇಡ, ಆದ್ರೆ ಅದರ ನಾಯಿಕೆಮ್ಮಿನ ರಕ್ಷಣೆ ಬೇಗ ಇಳಿಯುತ್ತೆ, 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಮ್ಮು ಹಬ್ಬಿದಾಗ ಇದು ಎದ್ದು ಕಾಣ್ತು. ಬೂಸ್ಟರ್ ತಪ್ಪಿಸ್ಬೇಡಿ ಅಂತ ಹೇಳಿ.

ಅಂದಹಾಗೆ ಇದು ಶುರುವಾಗಿದ್ದು ಕುದುರೆಗಳಿಂದ. 1920ರ ದಶಕದಲ್ಲಿ ಫ್ರಾನ್ಸ್‌ನ ಗಾಸ್ಟನ್ ರಾಮೋನ್ ಕುದುರೆಗಳಿಗೆ ಗಂಟಲುಮಾರಿ ಟಾಕ್ಸಾಯ್ಡ್ (ಶಕ್ತಿ ಕಳೆದ ರೋಗದ ವಿಷ) ಚುಚ್ಚುತ್ತಿದ್ದರು, ಚುಚ್ಚಿದ ಜಾಗ ಬಾತು ಕೀವಾದ ಕುದುರೇಲೇ ಆಂಟಿಟಾಕ್ಸಿನ್, ಅಂದ್ರೆ ಆ ವಿಷ ತಡೆಯೋ ಆಂಟಿಬಾಡಿ, ಜಾಸ್ತಿ ಬಂತು. ಹಂಗಾದ್ರೆ ಬೇಕಂತಲೇ ಬಾವು ಬರ್ಸೋಣ ಅಂತ ಬ್ರೆಡ್ ಪುಡಿ, ಸಬ್ಬಕ್ಕಿ ಹಿಟ್ಟು ಎಲ್ಲ ಬೆರೆಸಿ ನೋಡಿದ್ರು! ಅಲಮ್ ಅನ್ನೋ ಅಲ್ಯೂಮಿನಿಯಂ ಉಪ್ಪು ಬಂದಿದ್ದು 1926ರಲ್ಲಿ, ಇಂಗ್ಲೆಂಡಿನ ಗ್ಲೆನ್ನಿ ಕೈಯಿಂದ.

ಡೌಟ್_ಬಸ್ಯ

ಅಲಮ್ ಅಂದ್ರೆ ಕಟಿಂಗ್ ಶಾಪಲ್ಲಿ ಗಡ್ಡ ಕೆರೆದ ಮೇಲೆ ಉಜ್ಜೋ ಪಟಿಕ ತಾನೆ? ಅದನ್ನ ಒಂದೂವರೆ ತಿಂಗಳ ಕೂಸಿಗೆ ಚುಚ್ಚೋದಾ? ನೂರು ವರ್ಷದಿಂದ ಹಾಕ್ತಿದೀವಿ ಅಂತೀರ, ಹೆಂಗೆ ಕೆಲಸ ಮಾಡುತ್ತೆ ಅಂತ ಅವರಿಗೇ ಗೊತ್ತಿರ್ಲಿಲ್ವಂತೆ.

ಲ್ಯಾಬ್‌ಮೇಡಂ

ಎರಡನೇ ಮಾತು ನಿಜ ಬಸ್ಯಣ್ಣ, ತಮಾಷೆ ಅಲ್ಲ. 1989ರಲ್ಲಿ ಚಾರ್ಲ್ಸ್ ಜೇನ್‌ವೇ ಅನ್ನೋ ದೊಡ್ಡ ವಿಜ್ಞಾನಿನೇ ಇದನ್ನ ಇಮ್ಯುನಾಲಜಿಯವರ (ರೋಗನಿರೋಧಕ ಶಕ್ತಿ ಬಗ್ಗೆ ಓದೋರ) ಕೊಳಕು ಗುಟ್ಟು ಅಂದಿದ್ರು. ಅಲಮ್ ತುಣುಕನ್ನ ಚುಚ್ಚಿದ ಜಾಗದಲ್ಲೇ ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತೆ ಅಂತ ನಾವೂ ಕಾಲೇಜಲ್ಲಿ ಓದಿದ್ದು, ಆಮೇಲೆ ಇಲಿಗಳಲ್ಲಿ ಚುಚ್ಚಿದ ಜಾಗಾನ ಎರಡು ಗಂಟೇಲಿ ಕೊಯ್ದು ತೆಗೆದ್ರೂ ಆಂಟಿಬಾಡಿ ಹಂಗೇ ಬಂತು. ಅಪಾಯದ ಗುರುತು ಹಿಡಿಯೋ ರಿಸೆಪ್ಟರ್‌ಗಳನ್ನ ಕಂಡುಹಿಡಿದಿದ್ದಕ್ಕೆ 2011ರಲ್ಲಿ ನೊಬೆಲ್ ಬಂತು, ಆಮೇಲೂ ಅಲಮ್ ಬಗ್ಗೆ ಜಗಳ ಪೂರ್ತಿ ಮುಗಿದಿಲ್ಲ.

ಪಟಿಕದ ಕಲ್ಲು ಅಲ್ಲ ಈಗ ಹಾಕೋದು, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಥವಾ ಫಾಸ್ಫೇಟ್ ಜೆಲ್. ಡೋಸ್‌ಗೆ 1.25 ಮಿಲಿಗ್ರಾಂ ದಾಟೋ ಹಂಗಿಲ್ಲ, ನಿಧಾನಕ್ಕೆ ಕರಗಿ ರಕ್ತಕ್ಕೆ ಬಂದು ಕಿಡ್ನಿ ಮೂಲಕ ಹೋಗುತ್ತೆ. ಹೆಂಗೆ ಅನ್ನೋದು ಪೂರ್ತಿ ಗೊತ್ತಿಲ್ದಿದ್ರೂ ಹಾನಿ ಇದೆಯಾ ಅಂತ ಲೆಕ್ಕ ಹಾಕಿ ನೋಡ್ಬಹುದಲ್ವಾ. ಡೆನ್ಮಾರ್ಕ್‌ನಲ್ಲಿ 12 ಲಕ್ಷ ಮಕ್ಕಳ ದಾಖಲೆ ನೋಡಿದ್ರು, 2025ರಲ್ಲಿ ಬಂತು, ಆಟಿಸಂ, ಆಸ್ತಮಾ ಸೇರಿ 50 ಕಾಯಿಲೆಗಳಲ್ಲಿ ಒಂದೂ ಇದರಿಂದ ಜಾಸ್ತಿ ಆಗಿರ್ಲಿಲ್ಲ.

ಸಿಸ್ಟರಕ್ಕ_ಹಾಸನ

ನಂಗೆ ಟಿ ಸೆಲ್ ಎಲ್ಲ ಅಷ್ಟು ಗೊತ್ತಿಲ್ಲಪ್ಪ, 14 ವರ್ಷದಿಂದ ಇಂಜೆಕ್ಷನ್ ಹಾಕ್ತಿದೀನಿ ಅಷ್ಟೇ. ಆ ಬಾಟ್ಲಿ ಸ್ವಲ್ಪ ಹೊತ್ತು ಇಟ್ರೆ ಬಿಳೀದು ತಳಕ್ಕೆ ಕೂರುತ್ತೆ ನೋಡಿ, ಮೇಲೆ ತಿಳಿನೀರು. ಅದೇ ನೀವು ಹೇಳೋ ಅಲ್ಯೂಮಿನಿಯಂ. ಅದಕ್ಕೇ ಪ್ರತಿ ಸಲ ಅಲ್ಲಾಡಿಸಿ ತೆಗೀತೀವಿ. ಇದು ಹೆಪ್ಪುಗಟ್ಟಿದ್ರೆ ಮುಗೀತು, ಕಣಕಣ ಒಂದಕ್ಕೊಂದು ಅಂಟ್ಕೊಂಡು ಮಜ್ಜಿಗೆ ಒಡೆದಂಗಾಗುತ್ತೆ, ಕರಗಿಸಿದ್ರೂ ವಾಪಸ್ ಬರಲ್ಲ. ಐಸ್‌ಪ್ಯಾಕ್ ಹೊರಗಿಟ್ಟು, ಬೆವರಿ, ಕಿವಿ ಹತ್ರ ಅಲ್ಲಾಡಿಸಿದ್ರೆ ಒಳಗೆ ನೀರಿನ ಸದ್ದು ಬರ್ಬೇಕು, ಆಮೇಲೇ ಲಸಿಕೆ ಒಯ್ಯೋ ಕ್ಯಾರಿಯರ್‌ಗೆ ಹಾಕೋದು. ಅನುಮಾನ ಬಂದ್ರೆ ಬೇಕಂತಲೇ ಒಂದು ಬಾಟ್ಲಿ ಹೆಪ್ಪುಗಟ್ಸಿ ಕರಗಿಸಿ, ಎರಡನ್ನೂ ಅಲ್ಲಾಡ್ಸಿ ಪಕ್ಕಪಕ್ಕ ಇಡ್ತೀವಿ, ಅನುಮಾನದ್ದೂ ಅದರಷ್ಟೇ ಬೇಗ ತಳ ಸೇರಿದ್ರೆ ಎಸೀಬೇಕು. ಜನ ಹೊರಗೆ ಕಾಯ್ತಾ ಬೈಯ್ತಿರ್ತಾರೆ, ಸಿಸ್ಟರ್ ಬಾಟ್ಲಿ ನೋಡ್ತಾ ಕೂತವ್ಳೆ ಅಂತ.

ಗಂಟನ್ನ ಉಜ್ಜಬೇಡಿ, ಎಣ್ಣೆ ಹಚ್ಚಿ ನೀವೋದೂ ಬೇಡ. ಕೆಲವು ಮಕ್ಕಳಿಗೆ ವಾರಗಟ್ಟಲೆ ಇರುತ್ತೆ, ತಾನೇ ಕರಗುತ್ತೆ. ಕೆಂಪಗೆ ದೊಡ್ಡದಾಗ್ತಾ ಹೋದ್ರೆ, ಜ್ವರ ಬಿಡದೇ ಇದ್ರೆ, ಹಾಲು ಕುಡೀದೆ ಮಂಕಾದ್ರೆ ಡಾಕ್ಟರಿಗೆ ತೋರಿಸಿ.

ಧಾರವಾಡ್_ಎಂಎಸ್ಸಿ

ಮೇಡಮ್ಮಾರು ಹೇಳಿದ್ದು ಖರೇ ಐತ್ರಿ, ಆದ್ರ ನಾಯಿ ಎಷ್ಟ ಜೋರ ಬೊಗಳ್ತು ಅನ್ನೂದಷ್ಟ ಅಲ್ಲ, ಯಾವ ದನಿಯಾಗ ಬೊಗಳ್ತು ಅನ್ನೂದೂ ಲೆಕ್ಕಕ್ಕ ಬರ್ತೈತಿ. ಅಲಮ್ ಆಂಟಿಬಾಡಿ ಚಲೋ ಕೊಡ್ತೈತಿ, ಆದ್ರ ವೈರಸ್ ಹೊಕ್ಕ ಸೆಲ್ ಹುಡುಕಿ ಕೊಲ್ಲೂ ಕಡೆ ಸ್ವಲ್ಪ ವೀಕ್. ಅದಕ್ಕ ಕೋವ್ಯಾಕ್ಸಿನ್‌ದಾಗ ಅಲಮ್ಮಿಗೆ ಟಿಎಲ್‌ಆರ್ 7/8 ಅನ್ನೂ ಅಪಾಯ ಗುರುತಿಸೂ ರಿಸೆಪ್ಟರ್ ಎಬ್ಬಸೂ ಒಂದು ಅಣು ಅಂಟಿಸಿದ್ರು, ಇನ್ನೊಂದು ಕೋವಿಡ್ ಲಸಿಕೆ ಕಾರ್ಬೆವ್ಯಾಕ್ಸ್‌ದಾಗ ಬ್ಯಾಕ್ಟೀರಿಯಾ ಡಿಎನ್‌ಎ ಹೋಲೂ ಸಿಪಿಜಿ ಹಾಕಿದ್ರು. ಸರ್ಪಸುತ್ತಿನ ಹೊಸಾ ಲಸಿಕೆಯಾಗ ಅಂತೂ ಚಿಲಿ ದೇಶದ ಒಂದು ಗಿಡದ ತೊಗಟಿಯಿಂದ ತೆಗೆದ ಸಪೋನಿನ್ ಐತಿ, ನಮ್ಮ ಅಂಟುವಾಳ ಕಾಯಿ ನೊರಿ ಬರ್ತೈತಲ್ಲ, ಅದೂ ಸಪೋನಿನ್ನ. 50 ದಾಟಿದವರೊಳಗ ಟ್ರಯಲ್‌ನಾಗ 97% ರಕ್ಷಣೆ ಬಂತು. ನಮ್ಮ ಕಾಕಾ ಹಾಕಿಸ್ಕೊಂಡು ಎರಡ ದಿನ ತೋಳ ಎತ್ತಲಿಲ್ಲ, ಮೂರನೇ ದಿನ ಹೊಲಕ್ಕ ಹೋದ್ರು.

ಪಾಪುಅಪ್ಪ_ತಿಪಟೂರು

ಎಲ್ರಿಗೂ ಥ್ಯಾಂಕ್ಸ್, ಅತ್ತೆಗೂ ಓದಿ ಹೇಳ್ದೆ, "ನಾನು ಹೇಳಿದ್ದೂ ಅದೇ ಅಲ್ವಾ" ಅಂದ್ರು 😅 ಮುಂದಿನ ಸಲ ಇಂಜೆಕ್ಷನ್‌ಗೆ ಮುಂಚೇನೇ ಡ್ರಾಪ್ಸ್ ಹಾಕ್ಕೊಂಡು ಕರ್ಕೊಂಡು ಹೋಗ್ಲಾ?

ಲ್ಯಾಬ್‌ಮೇಡಂ

ಬೇಡ ಸರ್. 2009ರಲ್ಲಿ ಚೆಕ್ ದೇಶದಲ್ಲಿ 459 ಮಕ್ಕಳಲ್ಲಿ ನೋಡಿದ್ರು, ಜ್ವರ ಬರೋ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟ ಗುಂಪಲ್ಲಿ ಜ್ವರವೇನೋ ಕಮ್ಮಿ ಆಯ್ತು, ಆಂಟಿಬಾಡಿನೂ ಕಮ್ಮಿ ಬಂತು. ಬೊಗಳೋ ಮುಂಚೆನೇ ನಾಯಿ ಬಾಯಿ ಕಟ್ಟಿದಂಗೆ. ಜ್ವರ ಬಂದ್ಮೇಲೆ ಸಿಸ್ಟರ್ ಹೇಳಿದಷ್ಟು ಹಾಕಿ.

ಸಿಸ್ಟರಕ್ಕ_ಹಾಸನ

ಮತ್ತೆ ತಾಯಿ ಕಾರ್ಡ್ ತಗೊಂಡು ಹೋಗಿ, ಅರ್ಧ ಜನ ಅದನ್ನೇ ಮರೆತು ಬರ್ತಾರೆ.