ಕಮ್ಮಿ ಬಜೆಟ್ಟಲ್ಲಿ 5.1 ರಿಸೀವರ್ ಯಾವ್ದು ತಗೊಳ್ಳೋದು? ಅಪ್ಪಂಗೆ ಡೈಲಾಗ್ ಕೇಳಿಸ್ಬೇಕು

ತುಂಗಾತೀರ (ಶಿವಮೊಗ್ಗ):

ಎಲ್ರಿಗೂ ನಮಸ್ಕಾರ. ಹತ್ತು ಹನ್ನೆರಡು ವರ್ಷದಿಂದ ಇದ್ದ ಡಿವಿಡಿ ಹೋಮ್ ಥಿಯೇಟರ್ ಸೆಟ್ಟು ಹೋದ ತಿಂಗ್ಳು ಕೈಕೊಡ್ತು, ರಿಪೇರಿಯವ್ರು ಬೋರ್ಡೇ ಸಿಗಲ್ಲ ಅಂದ್ಬಿಟ್ರು. ಅದರ ಐದು ಸ್ಪೀಕರ್, ಬೇಸಿಗೆ ಒಂದು ಸಬ್ ವೂಫರ್ (5.1 ಅಂದ್ರೆ ಇದೇ) ಮಾತ್ರ ಚೆನ್ನಾಗೇ ಇವೆ. ಈಗ ಟಿವಿ ಸ್ಪೀಕರಲ್ಲೇ ನೋಡ್ತಿದೀವಿ. ಅಪ್ಪಂಗೆ 71 ವರ್ಷ, ಕಿವಿ ಸ್ವಲ್ಪ ಮಂದ. ಫೈಟ್ ಬಂದ್ರೆ ರಿಮೋಟ್ ತಗೊಂಡು ಕಮ್ಮಿ ಮಾಡ್ತಾರೆ, ಮಾತು ಶುರುವಾದ ತಕ್ಷಣ ಜಾಸ್ತಿ ಮಾಡ್ತಾರೆ, ಸಿನಿಮಾ ಪೂರ್ತಿ ಇದೇ, ಕೊನೆಗೆ "ಏನಂದ ಅವ್ನು?" ಅಂತ ಅಮ್ಮನ್ನ ಕೇಳ್ತಾರೆ, ಅಮ್ಮ ಹೇಳೋಷ್ಟ್ರಲ್ಲಿ ಮುಂದಿನ ಮಾತು ಹೋಗಿರತ್ತೆ. ನಿವೃತ್ತಿ ಆದ್ಮೇಲೆ ಅವ್ರಿಗಿರೋ ಖುಷಿ ಅಂದ್ರೆ ಹಳೇ ಕನ್ನಡ ಸಿನಿಮಾ ಒಂದೇ, ಅದನ್ನೂ ನೆಮ್ಮದಿಯಾಗಿ ನೋಡಕ್ಕಾಗ್ತಿಲ್ವಲ್ಲ ಅಂತ ನಂಗೆ ಸಂಕಟ.

ಹಾಲ್ 12 ಅಡಿಗೆ 15 ಅಡಿ, ಕೆಳಗೆ ಗ್ರಾನೈಟು. ರಿಸೀವರ್ (ಸದ್ದನ್ನ ಬಿಡಿಸಿ ಒಂದೊಂದು ಸ್ಪೀಕರನ್ನೂ ಓಡಿಸೋ ಡಬ್ಬ) ಒಂದಕ್ಕೇ ಅಂದ್ರೆ 30-35 ಸಾವಿರ ಹಾಕ್ಬಹುದು. ಒಂದು ಅಂಗಡೀಲಿ "1000 ವಾಟ್ ಸೆಟ್ ತಗೊಳ್ಳಿ" ಅಂದ್ರು, ಇನ್ನೊಬ್ರು 7.1 ಆಟ್ಮೋಸ್ (ತಲೆ ಮೇಲಿಂದಲೂ ಸದ್ದು ಬರೋ ಡಾಲ್ಬಿ ಪದ್ಧತಿ) ಇಲ್ದಿದ್ರೆ ದುಡ್ಡು ದಂಡ ಅಂದ್ರು, ನಮ್ಮೂರಲ್ಲೇ ಒಬ್ರು 9 ಸಾವಿರಕ್ಕೆ ಅಸೆಂಬಲ್ ಮಾಡ್ಕೊಡ್ತೀನಿ ಅಂತಿದಾರೆ. ಹಳೇ ಸ್ಪೀಕರ್‌ಗಳನ್ನೇ ಬಳಸ್ಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ಪಡುಕಡಲು (ಮಂಗಳೂರು):

ನಿಮ್ಮ ತಂದೆಯವ್ರ ವಿಷಯ ಓದಿ ನನ್ನ ಮಾವನ ನೆನಪಾಯ್ತು, ಅದಕ್ಕೇ ಉದ್ದ ಬರೀತಿದೇನೆ. ಮೊದಲು ಒಂದು ಮಾತು, ನಿಮಗೆ ಬೇಕಾದ್ದು ವಾಟ್ ಅಲ್ಲ ಮಾರಾಯ್ರೆ, ಟಿವಿಯ ಹತ್ತಿರ ನಡುವಲ್ಲಿ ಇಡುವ ಸೆಂಟರ್ ಸ್ಪೀಕರ್. 5.1ರಲ್ಲಿ ಮಿಕ್ಸ್ ಮಾಡಿದ ಸಿನಿಮಾದಲ್ಲಿ ಮಾತು ಹೆಚ್ಚುಕಮ್ಮಿ ಎಲ್ಲಾ ಸೆಂಟರ್ ಚಾನೆಲ್ಲಲ್ಲೇ (ಚಾನೆಲ್ ಅಂದ್ರೆ ಒಂದೊಂದು ಸ್ಪೀಕರಿಗೆ ಹೋಗುವ ಬೇರೆ ಬೇರೆ ಸದ್ದು) ಇರ್ತದೆ, ಮ್ಯೂಸಿಕ್ಕು, ಹೊಡೆದಾಟದ ಸದ್ದು ಬೇರೆ ಚಾನೆಲ್ಲಿಗೆ ಹಂಚಿರ್ತದೆ. ಟಿವಿಯಲ್ಲಿ ಅದೆಲ್ಲ ಎರಡು ಸಣ್ಣ ಸ್ಪೀಕರಿಗೆ ಕಲಸಿ ಬರುವುದು, ಹಾಗಾಗಿ ವಾಲ್ಯೂಮ್ ಏರಿಸಿದ್ರೆ ಎಲ್ಲಾ ಒಟ್ಟಿಗೆ ಏರ್ತದೆ. ರಿಸೀವರ್ ಇದ್ರೆ ಸೆಂಟರನ್ನು ಮಾತ್ರ 2-3 ಡೆಸಿಬೆಲ್ ಮೇಲಿಡ್ಲಿಕ್ಕೆ ಆಗ್ತದೆ. ಅದರ ಜೊತೆ ಡೈನಾಮಿಕ್ ರೇಂಜ್ ಅಂತ ಒಂದು ಸೆಟ್ಟಿಂಗ್ ಉಂಟು, ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಎತ್ತುವಂಥದ್ದು, ರಾತ್ರಿ ನೋಡುವಾಗ ತುಂಬಾ ಉಪಕಾರ.

ನಿಮ್ಮ ಬಜೆಟ್ಟಿಗೆ ನೋಡ್ಬೇಕಾದ್ದು ಯಮಾಹಾ ಆರ್‌ಎಕ್ಸ್-ವಿ385, ಸೋನಿ ಎಸ್‌ಟಿಆರ್-ಡಿಎಚ್590, ಇವೆರಡರ ಸಾಲು. ಯಾವುದು ಸ್ಟಾಕಿದೆ, ನಿಮ್ಮೂರಿಗೆ ಸರ್ವಿಸ್ ಯಾವುದಕ್ಕೆ ಹತ್ತಿರ, ಅದು ನೋಡಿ ತಗೊಳ್ಳಿ, ಮನೆಯಲ್ಲಿ ಕೇಳುವಾಗ ಇವುಗಳ ನಡುವೆ ಅಜಗಜಾಂತರ ಏನೂ ಇಲ್ಲ. ನಾನಾದ್ರೆ ಮೈಕ್ ಇಟ್ಟು ರೂಮಿಗೆ ತಕ್ಕ ಹಾಗೆ ತಾನೇ ಸೆಟ್ ಮಾಡಿಕೊಳ್ಳುವಂಥದ್ದು ಬಿಟ್ಟು ಬೇರೆ ತಗೊಳ್ಳುವುದಿಲ್ಲ. ಯಮಾಹಾದಲ್ಲಿ ಅದಕ್ಕೆ ವೈಪಾವೋ ಅಂತ ಹೇಳ್ತಾರೆ, ಮೈಕ್ ಬಾಕ್ಸಲ್ಲೇ ಬರ್ತದೆ.

1000 ವಾಟ್ ಅಂದದ್ದನ್ನು ಕಿವಿಗೇ ಹಾಕ್ಕೊಳ್ಬೇಡಿ. ವಿ385ರ ಸ್ಪೆಸಿಫಿಕೇಷನ್ನೇ ನೋಡಿ, ಎರಡು ಚಾನೆಲ್ ಓಡಿಸಿ 20 ಹರ್ಟ್ಸಿಂದ 20 ಕಿಲೋಹರ್ಟ್ಸ್ ತನಕ ಅಳೆದ್ರೆ 70 ವಾಟ್, ಒಂದೇ ಚಾನೆಲ್ಲು ಒಂದೇ ಸ್ವರ ಕೊಟ್ಟು ಅಳೆದ್ರೆ 100 ವಾಟ್. ಅದೇ ಡಬ್ಬ, ಅಳೆಯುವ ಕ್ರಮ ಬೇರೆ ಅಷ್ಟೆ. ವಾಟ್ ಡಬಲ್ ಆದ್ರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ನಿಮ್ಮ ಹಾಲಿಗೆ ಹದವಾದ ಸದ್ದಲ್ಲಿ ನೋಡುವಾಗ ಒಂದೊಂದು ಸ್ಪೀಕರ್ ತಿನ್ನುವುದು ಕೆಲವೇ ವಾಟು.

ಆಟ್ಮೋಸ್ ಮನೆ ರಿಸೀವರಿಗೆ ಬಂದದ್ದು 2014ರಲ್ಲಿ, ಒಳ್ಳೇದೇ, ಆದ್ರೆ ಮೇಲೆ ಎರಡು ಸ್ಪೀಕರ್ ಹಾಕುವ ಯೋಚನೆ ಇಲ್ಲದವ್ರಿಗೆ ಅದಕ್ಕಾಗಿ ಹೆಚ್ಚು ಕೊಡುವುದು ಬೇಡ. ಟಿವಿಯಲ್ಲಿ ಎಆರ್‌ಸಿ ಅಂತ ಬರೆದ ಎಚ್‌ಡಿಎಂಐ (ಟಿವಿಯ ಸದ್ದನ್ನು ರಿಸೀವರಿಗೆ ವಾಪಸ್ ಕಳಿಸುವಂಥದ್ದು) ಉಂಟಾ ನೋಡಿ. ಇದ್ರೆ ಒಂದೇ ಕೇಬಲ್ ಸಾಕು, ಟಿವಿ ರಿಮೋಟಲ್ಲೇ ರಿಸೀವರಿನ ವಾಲ್ಯೂಮ್ ಬರ್ತದೆ. ವಯಸ್ಸಾದವ್ರ ಕೈಗೆ ಎರಡೆರಡು ರಿಮೋಟ್ ಕೊಡುವುದು ಪಾಪ.

ವೂಫರ್_ಧಾರವಾಡ:

ಇಪ್ಪತ್ತು ವರ್ಷದಿಂದ ಆಂಪ್ಲಿಫೈಯರ್ ರಿಪೇರಿ ಮಾಡಕೋತ ಬಂದೀನ್ರಿ, ಅಸೆಂಬಲ್ಡ್ ಸೆಟ್ಟೂ ಭಾಳ ಕಟ್ಟಿಕೊಟ್ಟೀನಿ, ಹಿಂಗಾಗಿ ಎರಡೂ ಕಡೆ ಮಾತಾಡತೀನಿ.

ಮೊದಲ ನಿಮ್ಮ ಹಳೇ ಸ್ಪೀಕರ್ ಹಿಂದ ತಿರುವಿ ನೋಡ್ರಿ. ಅಲ್ಲೊಂದು ಚೀಟಿ ಇರತೈತಿ, ಅದರಾಗ ಎಷ್ಟು ಓಮ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ) ಅಂತ ಬರದಿರತಾರ. ಡಿವಿಡಿ ಸೆಟ್ಟಿನ ಸ್ಪೀಕರ್ ಎಷ್ಟೋ 3 ಓಮ್, 4 ಓಮ್ ಇರತಾವ. ನೀವು ತಗೊಳ್ಳೋ ರಿಸೀವರ್ 6 ಓಮಿಂದ ಮ್ಯಾಲಿನ ಸ್ಪೀಕರಿಗೆ ಮಾಡಿದ್ದು. 3 ಓಮ್ ಹಚ್ಚಿದ್ರ ಕರೆಂಟ್ ಎರಡು ಪಟ್ಟು ಎಳೀತೈತಿ, ಸಣ್ಣ ವಾಲ್ಯೂಮಿನ್ಯಾಗ ನಡದಂಗ ಅನಸತೈತಿ, ಒಂದಿನ ಜೋರ ಇಟ್ಟಾಗ ಪ್ರೊಟೆಕ್ಟಿಗೆ ಹೋಗಿ ಬಂದ್ ಆಗತೈತಿ, ಭಾಳ ಸಲ ಹಂಗ ಆದ್ರ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡತಾವ. ನನ್ನ ಟೇಬಲ್ ಮ್ಯಾಲ ಹಿಂಗ ಸುಟ್ಟ ಬಂದವು ಕಡಿಮಿ ಇಲ್ಲ.

ಇನ್ನ ಆ ಸಬ್ ವೂಫರ್. ಅದಕ್ಕ ಕರೆಂಟಿನ ಪ್ಲಗ್ ಇಲ್ಲ ಅಂದ್ರ ಅದರೊಳಗ ಆಂಪ್ ಇಲ್ಲ ಅಂತ ತಿಳೀರಿ. ರಿಸೀವರ್ ಹಿಂದಿನ ಸಬ್ ಔಟ್ ಒಂದು ಆರ್‌ಸಿಎ ಪಿನ್ ಅಷ್ಟ, ಅದರಾಗ ಬರೋದು ಬರೇ ಸಿಗ್ನಲ್, ಸ್ಪೀಕರ್ ಓಡಸೋ ಶಕ್ತಿ ಅಲ್ಲ. ಒಳಗ ಆಂಪ್ ಇರೋ ಆಕ್ಟಿವ್ ಸಬ್ಬ ಬೇಕು, ಇಲ್ಲಾ ಹಳೇದಕ್ಕ ಬ್ಯಾರೆ ಆಂಪ್ ಕಟ್ಟಸಬೇಕು.

ಅಸೆಂಬಲ್ಡ್ ಬಗ್ಗೆ ಹೇಳತೀನಿ. ಬೆಂಗಳೂರಿನ ಎಸ್‌ಪಿ ರೋಡಿಂದ ತರಸೋ ಟಿಡಿಎ 7294 ಐಸಿ ಬೋರ್ಡು, ಕಾಪರ್ ವೈಂಡಿಂಗಿನ ಟ್ರಾನ್ಸ್‌ಫಾರ್ಮರ್, ದೊಡ್ಡ ಹೀಟ್‌ಸಿಂಕ್ ಹಾಕಿ ಮಾಡಿದ್ರ ಹಾಡು ಕೇಳಾಕ ಭಾಳ ಛಲೋ ಬರತೈತಿ, ಯಾರೂ ಕೀಳ ಮಾಡೋದು ಬ್ಯಾಡ. ಆದ್ರ ಸಿನಿಮಾಕ್ಕ ಬೇಕಾದ ಎರಡು ಕೆಲಸ ಅದರ ಜೋಡಿ ಹಾಕೋ ಅಗ್ಗದ ಡಿಕೋಡರ್ ಬೋರ್ಡ್ (ಸದ್ದನ್ನ ಚಾನೆಲ್ ಆಗಿ ಬಿಡಿಸೋದು) ಸಾಮಾನ್ಯವಾಗಿ ಮಾಡಂಗಿಲ್ಲ. ಒಂದು ದೂರದ ಲೆಕ್ಕ, ಸದ್ದು ಒಂದು ಅಡಿ ದಾಟಾಕ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್ ತಗೋತೈತಿ, ಹಿಂದಿನ ಸ್ಪೀಕರ್ ನಿಮಗ 4 ಅಡಿ, ಮುಂದಿನದು 10 ಅಡಿ ಇದ್ರ ಹಿಂದಿನದನ್ನ ಅಷ್ಟು ತಡಾ ಮಾಡಿ ಬಿಡಬೇಕು, ಇಲ್ಲಾ ಹಿಂದಿನ ಸದ್ದ ಮೊದಲ ಬಂದು ಕಿವಿ ಆ ಕಡೆ ಎಳೀತೈತಿ. ಎರಡನೇದು, ಸಣ್ಣ ಸ್ಪೀಕರಿಗೆ ಆಗದ ಬೇಸನ್ನ ಕಡದು ಸಬ್ಬಿಗೆ ಕಳಸೋದು. ಇವೆರಡು ಬರೋಬ್ಬರಿ ಇಲ್ಲ ಅಂದ್ರ ಆರು ಸ್ಪೀಕರ್ ಇದ್ರೂ ಮಾತು ಕೆಸರಿನ್ಯಾಗ ಸಿಕ್ಕಂಗ ಕೇಳತೈತಿ. ನಿಮ್ಮ ತಂದಿಯವರ ಸಲುವಾಗಿ ಅಂದ್ರ ಕಂಪನಿ ರಿಸೀವರ್ ತಗೋರಿ, ನನ್ನಂಥವ್ರ ಕಡೆ ಮಾಡಸಬ್ಯಾಡ್ರಿ.

ತುಂಗಾತೀರ (ಶಿವಮೊಗ್ಗ):

ಧಾರವಾಡದ ಅಣ್ಣಂಗೆ ದೊಡ್ಡ ನಮಸ್ಕಾರ. ಈಗ್ಲೇ ತಿರುಗಿಸಿ ನೋಡ್ದೆ, ಐದೂ ಸ್ಪೀಕರ್ ಮೇಲೆ 3 ಓಮ್ ಅಂತಲೇ ಇದೆ, ಸಬ್‌ಗೆ ಪ್ಲಗ್ಗೂ ಇಲ್ಲ. ಹೇಳ್ದೇ ಇದ್ದಿದ್ರೆ ತಗೊಂಡ್ಬಂದು ಸೀದಾ ಹಾಕ್ಬಿಡ್ತಿದ್ದೆ. ಹಾಗಾದ್ರೆ ಸ್ಪೀಕರೂ ಹೊಸದು ತಗೋಬೇಕು, ಒಟ್ಟು 50 ಸಾವಿರ ದಾಟಂಗಿಲ್ಲ. ಸೆಕೆಂಡ್ ಹ್ಯಾಂಡಲ್ಲಿ 7 ಚಾನೆಲ್ ರಿಸೀವರ್ ಒಂದು 18 ಸಾವಿರಕ್ಕೆ ಬಂದಿದೆ, ಅಮೆರಿಕದಿಂದ ತಂದಿದ್ದಂತೆ, ತಗೊಳ್ಲಾ?

ಶೆಲ್ಫ್‌ಸ್ಪೀಕರ್ (ಬೆಂಗಳೂರು):

ಗುರು, ಆತುರ ಬೇಡ, ಮೊದ್ಲು ಅದರ ಹಿಂದೆ ಎಷ್ಟು ವೋಲ್ಟ್ ಅಂತ ನೋಡಿ. ಅಮೆರಿಕದ್ದು ಅಂದ್ರೆ 120 ವೋಲ್ಟ್ ಇರತ್ತೆ, ನಮ್ಮ 230ಕ್ಕೆ ನೇರ ಚುಚ್ಚಿದ್ರೆ ಅಲ್ಲೇ ಹೋಯ್ತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕ್ಬಹುದು, ಆದ್ರೆ ಮನೇಲಿ ಯಾರೋ ಒಬ್ರು ಒಂದಿನ ಮರ್ತು ಗೋಡೆ ಪ್ಲಗ್ಗಿಗೆ ಹಾಕ್ತಾರೆ, ನಮ್ಮ ಚಿಕ್ಕಪ್ಪನ ಮನೇಲಿ ಆಗಿದ್ದು ಇದೇ, ಕಸ ಗುಡಿಸೋವಾಗ ತೆಗ್ದಿಟ್ಟು ವಾಪಸ್ ಹಾಕೋವಾಗ. ವಾರಂಟಿನೂ ಇರಲ್ಲ. ಸೆಕೆಂಡ್ ಹ್ಯಾಂಡ್ ಕೆಟ್ಟದ್ದು ಅಂತ ನಾನು ಹೇಳಲ್ಲ, ನಂದೂ ಅದೇ, ಆದ್ರೆ ಇಲ್ಲೇ ಬಿಲ್ ಆಗಿರೋದು ತಗೊಳ್ಳಿ, ಹೋಗೋವಾಗ ಒಂದು ಎಚ್‌ಡಿಎಂಐ ಕೇಬಲ್ ಜೇಬಲ್ಲಿಟ್ಕೊಂಡು ಹೋಗಿ ಒಂದೊಂದು ಪೋರ್ಟೂ ಚೆಕ್ ಮಾಡಿ, ಹಳೇ ರಿಸೀವರ್‌ಗಳಲ್ಲಿ ಮೊದ್ಲು ಹೋಗೋದೇ ಎಚ್‌ಡಿಎಂಐ ಬೋರ್ಡು.

50ರ ಲೆಕ್ಕಕ್ಕೆ ನಾನು ಹೇಳೋದು ಇಷ್ಟು. ಐದೂ ಸ್ಪೀಕರ್ ಒಂದೇ ಸಲ ತಗೋಬೇಕು ಅಂತ ರೂಲ್ಸ್ ಇಲ್ಲ. ರಿಸೀವರ್ ಜೊತೆ ಈಗ ಮುಂದಿನ ಎರಡು ಮತ್ತೆ ಸೆಂಟರ್ ತಗೊಳ್ಳಿ, ಮೂರೂ ಒಂದೇ ಕಂಪನಿಯ ಒಂದೇ ಸೀರೀಸ್ ಆಗಿರ್ಲಿ, ಇಲ್ದಿದ್ರೆ ಒಬ್ಬನೇ ಮನುಷ್ಯ ಎಡಗಡೆಯಿಂದ ಬಲಕ್ಕೆ ನಡೆಯೋವಾಗ ಧ್ವನಿ ಬದಲಾಗತ್ತೆ. ಹಿಂದಿನದು ಇಲ್ಲ ಅಂತ ಮೆನುಲಿ ಹೇಳಿದ್ರೆ ಆ ಸದ್ದನ್ನ ರಿಸೀವರ್ರೇ ಮುಂದಿನದಕ್ಕೆ ಸೇರಿಸ್ಕೊಳತ್ತೆ, ಏನೂ ಕಳೆದುಹೋಗಲ್ಲ. ಸಬ್ಬು, ಸರೌಂಡು (ಆ ಹಿಂದಿನ ಎರಡು) ಆಮೇಲೆ ದುಡ್ಡಾದಾಗ.

ರಿಸೀವರನ್ನ ಶೋಕೇಸ್ ಒಳಗೆ ಗಾಜು ಮುಚ್ಚಿ ಇಡ್ಬೇಡಿ, ಮೇಲೆ ಗೇಣಷ್ಟಾದ್ರೂ ಜಾಗ ಬೇಕು, ಸೆಟ್ ಟಾಪ್ ಬಾಕ್ಸ್ ಅದರ ತಲೆ ಮೇಲೆ ಇಡೋದೂ ಬೇಡ. ಮತ್ತೆ ನಿಮ್ಮದು ಮಲೆನಾಡು, ಏಪ್ರಿಲ್ ಮೇ ಗುಡುಗು ಶುರುವಾದ್ರೆ ಪ್ಲಗ್ಗೂ ಕೀಳಿ, ಡಿಶ್ ವೈರೂ ಕೀಳಿ. ಡಿಶ್ಶಿಂದ ಬಂದ ಸಿಡಿಲು ಬಾಕ್ಸ್ ದಾಟಿ ಎಚ್‌ಡಿಎಂಐಲಿ ರಿಸೀವರ್ ತಂಕ ಬರತ್ತೆ, ಪವರ್ ಪ್ಲಗ್ ಒಂದೇ ಕಿತ್ರೆ ಸಾಲಲ್ಲ.

ತುಂಗಾತೀರ (ಶಿವಮೊಗ್ಗ):

ಮೂರು ವಾರ ಆದ್ಮೇಲೆ ಬರೀತಿದೀನಿ. ಅಮೆರಿಕದ್ದು ಬಿಟ್ಟೆ. ಹೊಸ ವಿ385 ತಗೊಂಡೆ, 6 ಓಮಿನ ಎರಡು ಬುಕ್‌ಶೆಲ್ಫ್ ಸ್ಪೀಕರ್, ಅದೇ ಸೀರೀಸ್ ಸೆಂಟರ್, ವೈರೂ ಸೇರಿ 50ರೊಳಗೇ ಮುಗೀತು.

ಮೊದಲ್ನೇ ದಿನ ಏನ್ ಮಾಡಿದ್ರೂ ಸೆಂಟರಲ್ಲಿ ಮಾತು ಬೇರೆಯಾಗಿ ಬರ್ಲೇ ಇಲ್ಲ, ತುಂಬಾ ನಿರಾಸೆ ಆಯ್ತು. ಆಮೇಲೆ ನೋಡಿದ್ರೆ ಟಿವಿ ಸೆಟ್ಟಿಂಗಲ್ಲಿ ಡಿಜಿಟಲ್ ಆಡಿಯೋ ಔಟ್ ಪಿಸಿಎಂ ಅಂತ ಇತ್ತು, ಅದ್ರಲ್ಲಿ ಎರಡು ಚಾನೆಲ್ ಅಷ್ಟೇ ಹೋಗೋದು. ಬಿಟ್‌ಸ್ಟ್ರೀಮ್ (ಸದ್ದನ್ನ ಬಿಡಿಸದೇ ಹಾಗೇ ರಿಸೀವರಿಗೆ ಕಳ್ಸೋದು) ಮಾಡಿದ ತಕ್ಷಣ ರಿಸೀವರ್ ಮುಂದಿನ ಡಿಸ್‌ಪ್ಲೇಲಿ ಡಾಲ್ಬಿ ಅಂತ ಬಂತು. ಹೊಸದಾಗಿ ತಗೊಳ್ಳೋರು ಇದನ್ನ ಮೊದ್ಲು ನೋಡ್ಕೊಳ್ಳಿ.

ಮೈಕ್ ಇಡಕ್ಕೆ ತಂಗಿ ಕ್ಯಾಮೆರಾ ಸ್ಟ್ಯಾಂಡ್ ತಂದು ಅಪ್ಪ ಕೂರೋ ಕುರ್ಚಿ ಮೇಲೆ ಅವ್ರ ಕಿವಿ ಎತ್ತರಕ್ಕೆ ಸರಿಯಾಗಿ ನಿಲ್ಸಿದ್ವಿ, ಫ್ಯಾನ್ ಆಫ್ ಮಾಡಿ ಕುಕ್ಕರನ್ನೂ ಇಳಿಸಿ ಎಲ್ರೂ ಹೊರಗೆ ಜಗಲೀಲಿ ನಿಂತ್ವಿ, ಒಂದೊಂದೇ ಸ್ಪೀಕರಿಂದ ಪೀಂ ಪೀಂ ಅಂತ ಬಂತು. ಸೆಂಟರ್ 9 ಅಡಿ ಅಂತ ತೋರಿಸ್ತು, ಟೇಪ್ ಹಿಡಿದ್ರೂ ಅಷ್ಟೇ ಇತ್ತು! ಆಮೇಲೆ ಸೆಂಟರ್ ಮಾತ್ರ 2 ಡೆಸಿಬೆಲ್ ಏರಿಸ್ದೆ. ಸೆಂಟರನ್ನ ಟಿವಿ ಸ್ಟ್ಯಾಂಡಿನ ಅಂಚಿಗೆ ತಂದು ಕೆಳಗೆ ಒಂದು ಮರದ ತುಂಡು ಕೊಟ್ಟು ಮೂತಿ ಸ್ವಲ್ಪ ಮೇಲೆ ಮಾಡ್ದೆ, ಅದಕ್ಕೇ ಅರ್ಧ ಮಂಕು ಹೋಯ್ತು. ಗ್ರಾನೈಟ್ ಮೇಲೆ ಜಮಖಾನ ಹಾಸಿದ್ದೂ ಒಳ್ಳೇದಾಯ್ತು.

ಮೊನ್ನೆ ಭಾನುವಾರ ಎರಡೂವರೆ ಗಂಟೆ ಸಿನಿಮಾ ನೋಡಿದ್ವಿ. ರಿಮೋಟ್ ಟೀಪಾಯ್ ಮೇಲೆ ಇಟ್ಟಲ್ಲೇ ಇತ್ತು, ಅಪ್ಪ ಮುಟ್ಲಿಲ್ಲ. ಮಧ್ಯ ಒಂದು ಕಡೆ ಅಮ್ಮನೇ "ಏನಂದ?" ಅಂತ ಕೇಳಿದ್ರು, ಅಪ್ಪ ಹೇಳಿದ್ರು.

ಯುಗಾದಿಗೆ ಸರೌಂಡ್ ಹಾಕೋಣ ಅಂತಿದೀನಿ, ಸೋಫಾ ಹಿಂದಿನ ಗೋಡೆಗೆ ಅಂಟ್ಕೊಂಡಿದೆ, ಎಲ್ಲಿ ಕೂರಿಸ್ಲಿ?

ವೂಫರ್_ಧಾರವಾಡ:

ಓದಿ ಭಾಳ ಖುಷಿ ಆತ್ರಿ. ಹಿಂದಿನ ಗ್ವಾಡಿಗೆ ಹಚ್ಚಬ್ಯಾಡ್ರಿ, ಎಡಾ ಬಲಾ ಗ್ವಾಡಿಗೆ, ಕೂತವ್ರ ಕಿವಿಗಿಂತ ಒಂದು ಎರಡು ಅಡಿ ಮ್ಯಾಲ, ಆದಷ್ಟು ಹಿಂದಕ ಸರಿಸಿ ಹಚ್ಚರಿ. ಡಾಲ್ಬಿಯವರು 110ರಿಂದ 120 ಡಿಗ್ರಿ ಅಂತಾರ, ಅಂದ್ರ ಕಿವಿ ನೇರಕ್ಕಿಂತ ತುಸು ಹಿಂದ, ಅಷ್ಟು ಜಾಗಾ ಬೇಕಂದ್ರ ಸೋಫಾ ಒಂದೀಟು ಮುಂದ ತರ್ರಿ. ವೈರ್ 1.5 ಸ್ಕ್ವೇರ್ ಎಮ್ಮೆಮ್ ಕಾಪರ್ ಸಾಕು. ಕರೆಂಟ್ ವೈರ್ ಹೋಗೋ ಪೈಪಿನ್ಯಾಗ ಮಾತ್ರ ಎಳೀಬ್ಯಾಡ್ರಿ, ಬ್ಯಾರೆ ಪೈಪ ಹಾಕಸರಿ. ಕೆಂಪು ಕೆಂಪಿಗೆ, ಕರೀದು ಕರೀದಕ್ಕ, ಎರಡೂ ಕಡೆ ಒಮ್ಮೆ ನೋಡಿ ಹಚ್ಚರಿ, ಆಮ್ಯಾಲ ಮೈಕ್ ಇಟ್ಟು ಮತ್ತೊಮ್ಮೆ ಸೆಟ್ ಮಾಡ್ರಿ.