ನಮ್ಮ ಸಿದ್ದಿ ಗೆಳೆಯ ಮೆಟಲ್ ಹಾಡೋದು ಬಿಟ್ಟಾನ, ಹೆಂಗ ಕರ್ಕೊಂಡು ಬರ್ಲಿ?

ಗಂಗಾವತಿ_ಬೇಸ್:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗಂಗಾವತಿಯವ, ಬೇಸ್ ಗಿಟಾರ್ ನುಡಿಸ್ತೀನಿ. ನಮ್ಮ ಮಾವನ ಅಕ್ಕಿ ಗೋಡೌನಿನಾಗ ನಾವು ನಾಲ್ಕು ಮಂದಿ ಎರಡು ವರ್ಷದಿಂದ ಮೆಟಲ್ (ಜೋರು ಗಿಟಾರಿನ ರಾಕ್ ಸಂಗೀತ) ಪ್ರಾಕ್ಟೀಸ್ ಮಾಡ್ತೀವಿ. ಸುತ್ತಲೂ ಸೋನಾ ಮಸೂರಿ ಚೀಲ ಒಟ್ಟಿರ್ತಾರ, ಹಂಗಾಗಿ ಎಷ್ಟು ಜೋರು ಬಾರಿಸಿದ್ರೂ ಓಣಿ ಮಂದಿ ಬೈಯಂಗಿಲ್ಲ.

ಹಾಡೋನು ಯಲ್ಲಾಪುರ ಕಡೆ ಸಿದ್ದಿ ಹುಡುಗ. ಹೆಸರು ಇಲ್ಲಿ ಹಾಕಂಗಿಲ್ಲ. ಗಿಣಿಗೇರಿ ಹತ್ರ ಒಂದು ಫ್ಯಾಕ್ಟರಿಯಾಗ ಕ್ರೇನ್ ಆಪರೇಟರ್ ಅದಾನ. ಮನಿಯಾಗ ಕೊಂಕಣಿ, ನಮ್ಮ ಜೋಡಿ ಕನ್ನಡ. ಅವನ ಗ್ರೌಲ್, ಅಂದ್ರ ಗುರುಗುಟ್ಟಿದಂಗ ಹಾಡೋದು, ಗಂಟಲಾಗಿಂದಲ್ಲ, ಹೊಟ್ಟಿಯಾಗಿಂದ ಬರ್ತೈತಿ. 2024ರ ಆಗಸ್ಟ್ 10ರ ರಾತ್ರಿ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟು ಚೈನ್ ಹರಿದು ಕೊಚ್ಚಿಕೊಂಡು ಹೋತಲ್ಲ, ಅದರ ಮ್ಯಾಲೆ ನಾವೊಂದು ಹಾಡು ಕಟ್ಟೀವಿ. "ಗೇಟು ಹೋತೋ" ಅಂತ ಅವ ಒದರಿದಾಗ, ಆವತ್ತು ನಟ್ಟ ನಡುರಾತ್ರಿ ಫೋನ್ ಹಿಡ್ಕೊಂಡು ಕಟ್ಟಿ ಮ್ಯಾಲೆ ಸುಮ್ಮನ ಕುಂತಿದ್ದ ನಮ್ಮಪ್ಪ ನೆನಪಾಗ್ತಾನ.

ಹೋದ ತಿಂಗಳು ಒಂದು ಕಾಲೇಜಿನ ಫೆಸ್ಟಿಗೆ ಹೋಗಿದ್ವಿ. ಸ್ಟೇಜಿನ ಹಿಂದ ಒಬ್ಬ ಅವನಿಗೆ ಇಂಗ್ಲಿಷಿನಾಗ ಯಾವ ದೇಶ ಅಂತ ಕೇಳಿದ. ಇವ "ಯಲ್ಲಾಪುರ ರೀ" ಅಂದ. ಎಲ್ಲಾರೂ ನಕ್ರು. ಇವರ ಹಿರಿಯರನ್ನ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕ ತಂದು ಎಷ್ಟೋ ತಲೆಮಾರು ಆತು, ಇನ್ನೂ ಯಾವ ದೇಶ ಅಂತ ಕೇಳ್ತಾರ. ಆಮ್ಯಾಲೆ ಅವನ ಹೇಳಿದ: "ಮೆಟಲ್ ಬಿಳಿ ಮಂದಿದು, ನಿಮಗ ಸೂಟ್ ಆಗಂಗಿಲ್ಲ, ರಾಪ್ ಹಾಡ್ರಿ, ಇಲ್ಲಾಂದ್ರ ನಿಮ್ಮ ಡಾನ್ಸ್ ಮಾಡ್ರಿ." ಹಾಡು ಶುರು ಆದ ಮ್ಯಾಲೆ ಮುಂದ ನಿಂತಿದ್ದ ನಾಲ್ಕೈದು ಮಂದಿ ಮಂಗ್ಯಾನ ಗತೆ ಸದ್ದು ಮಾಡಿದ್ರು. ಇವ ಒಂದು ಸಾಲೂ ತಪ್ಪದಂಗ ಪೂರ್ತಿ ಹಾಡಿ ಇಳಿದ. ವಾಪಸ್ ಬರೋ ಮುಂದ ಗಾಡಿಯಾಗ ಒಂದು ಮಾತು ಆಡಲಿಲ್ಲ.

ಅವತ್ತಿನಿಂದ ಪ್ರಾಕ್ಟೀಸಿಗೆ ಬಂದಿಲ್ಲ. ಫೋನ್ ಮಾಡಿದ್ರ ಶಿಫ್ಟ್ ಐತಿ ಅಂತಾನ. ಮೆಟಲ್ ಖರೇನ ಬಿಳಿಯರದೇನ್ರಿ? ಇದರಾಗ ಕಪ್ಪು ಮಂದಿ ಯಾರದಾರ? ಹೆಸರು ಹೇಳ್ರಿ, ಅವನಿಗೆ ಕೇಳಿಸ್ತೀನಿ.

ಕೌಲ್‌ಬಜಾರ್_ರಾಕರ್ (ಬಳ್ಳಾರಿ):

ತಮ್ಮಾ, ನನಗೀಗ 43. 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಮೆಟಲ್ ಬ್ಯಾಂಡ್ ನೋಡೋಕೆ ಹಂಪಿ ಎಕ್ಸ್‌ಪ್ರೆಸ್ ಜನರಲ್ ಬೋಗಿಯಲ್ಲಿ ಬೆಳತನಕ ನಿಂತ್ಕೊಂಡು ಹೋದೋನು. ನಿಮ್ಮ ಹುಡುಗನಿಗೆ ಆ ಮಾತು ಹೇಳಿದೋನಿಗೆ ಮೆಟಲ್ ಗೊತ್ತೇ ಇಲ್ಲ.

ಮೆಟಲ್ ಶುರು ಮಾಡಿದೋರು ಅಂತಾರಲ್ಲ, 1970ರಲ್ಲಿ ಮೊದಲ ಆಲ್ಬಂ ತಂದ ಬ್ಲ್ಯಾಕ್ ಸಬ್ಬತ್‌ನವರು ಶುರುವಿನಲ್ಲಿ ಬ್ಲೂಸ್ ಬ್ಯಾಂಡು. ಗಿಟಾರಿನ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಕಾರ್ಖಾನೆ ಕೆಲಸಗಾರ. 17ನೇ ವಯಸ್ಸಿಗೆ ಮಷೀನಿಗೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋದವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೋಪಿ ಮಾಡಿ ಬೆರಳಿಗೆ ಹಾಕ್ಕೊಂಡು ನುಡಿಸಿದ. ನಿಮ್ಮ ಕ್ರೇನ್ ಆಪರೇಟರ್‌ಗೆ ಇದನ್ನ ಮೊದಲು ಹೇಳು. ಇನ್ನು ಆ ಬ್ಲೂಸ್ ಯಾರದು? ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ ದುಡಿದ ಕಪ್ಪು ಜನರದು. ಲೆಡ್ ಜೆಪೆಲಿನ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನವರು ತಮ್ಮ ಹಾಡು ಎತ್ತಿದ್ದಾರೆ ಅಂತ ಬ್ಲೂಸ್ ಹಾಡುಗಳನ್ನ ಬರೆದ ವಿಲ್ಲಿ ಡಿಕ್ಸನ್ 1985ರಲ್ಲಿ ಕೇಸ್ ಹಾಕಿದ್ರು. ಕೋರ್ಟಿನ ಹೊರಗೇ ರಾಜಿ ಆಯ್ತು, ಆಮೇಲೆ ಅವರ ಹೆಸರೂ ಸೇರಿತು.

ಲಿವಿಂಗ್ ಕಲರ್ ಕೇಳಿಸು. ನ್ಯೂಯಾರ್ಕಿನ ನಾಲ್ಕೂ ಜನ ಕಪ್ಪು ಕಲಾವಿದರ ಬ್ಯಾಂಡು, 1990ರಲ್ಲಿ ಹಾರ್ಡ್ ರಾಕ್ ಗ್ರ್ಯಾಮಿ ಗೆದ್ದರು. ಅವರ ಗಿಟಾರಿಸ್ಟ್ ವರ್ನನ್ ರೀಡ್ ಮತ್ತು ಸಂಗಡಿಗರು 1985ರಲ್ಲಿ ಬ್ಲ್ಯಾಕ್ ರಾಕ್ ಕೊಯಲಿಷನ್ ಕಟ್ಟಿದ್ದೇ, ಕಪ್ಪು ಜನಕ್ಕೆ ರಾಕ್ ಯಾಕೆ ಅನ್ನೋ ಕಂಪನಿಗಳ ಕೊಂಕಿಗೆ ಉತ್ತರವಾಗಿ. ಗ್ರೌಲ್ ಹಾಡೋ ಡೆತ್ ಮೆಟಲ್ ಬೇಕಂದ್ರೆ ಸಫೊಕೇಷನ್ ಬ್ಯಾಂಡು, ಅದರಲ್ಲಿ ಗಿಟಾರ್ ಟೆರನ್ಸ್ ಹಾಬ್ಸ್. ಗ್ರೌಲ್ ಹಾಡೋನು ಅಂದ್ಯಲ್ಲ, ಡೆರಿಕ್ ಗ್ರೀನ್ ಕೇಳಲೇಬೇಕು. ಅಮೆರಿಕದ ಕಪ್ಪು ಮನುಷ್ಯ, 1998ರ ಆಲ್ಬಂನಿಂದ ಬ್ರೆಜಿಲ್‌ನ ಸೆಪಲ್ಟುರಾ ಬ್ಯಾಂಡಿಗೆ ಹಾಡಿದೋನು.

ಒಂದು ಸಲಹೆ. ಅದೇ ಸೆಪಲ್ಟುರಾ, ಡೆರಿಕ್ ಬರೋದಕ್ಕೂ ಮೊದಲು, 1996ರ ಆಲ್ಬಂಗೆ ಶವಾಂಟೆ ಆದಿವಾಸಿಗಳ ಜೊತೆ ಕೂತು ರೆಕಾರ್ಡ್ ಮಾಡಿದ್ರು. ನೀವೂ ಸಿದ್ದಿಗಳ ಡಮಾಮಿ ಡೋಲು ಸೇರಿಸಿ. ಜನ ಬೆರಗಾಗ್ತಾರೆ.

ಸಂಡೂರು_88:

ಸಂಗೀತಕ್ಕೆ ಬಣ್ಣ ಇಲ್ಲ ಬ್ರದರ್. ಯಾರೋ ನಾಲ್ಕು ಜನ ಕುಡಿದು ಕೂಗಿರ್ತಾರೆ. ಹಚ್ಕೋಬಾರದು, ಮುಂದಿನ ಶೋ ಮಾಡಿ.

ಶಕ್ತಿನಗರ_ಡಿಸ್ಟಾರ್ಷನ್ (ರಾಯಚೂರು):

ಗಂಗಾವತಿ ತಮ್ಮಗ ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಆ ಸದ್ದು ಬಂದಾಗ ನೀವು ಮೂರು ಮಂದಿ ಏನ್ ಮಾಡಿದ್ರಿ? ನುಡಿಸೋದು ನಿಲ್ಲಿಸಿದ್ರೇನು? ಮೈಕ್ ತಗೊಂಡು ಒಂದು ಮಾತಾಡಿದ್ರೇನು? ಅವ ಪೂರ್ತಿ ಹಾಡಿದ ಅಂತ ಬರ್ದೀಯಿ. ನಿಂದು ಏನೂ ಬರ್ದಿಲ್ಲ.

ನಾ ಐದು ವರ್ಷ ಬೆಂಗಳೂರಾಗ ಇದ್ದೆ. ಪ್ರತಿ ಶೋದಾಗೂ ಯಾರಾದ್ರೂ ಒಬ್ಬ "ಯಾರ ಜೊತೆ ಬಂದೀರಿ" ಅಂತ ಕೇಳ್ತಿದ್ದ, ಟಿಕೆಟ್ ನಾನ ತಗೊಂಡಿದ್ರೂ. ಕೆನಡಾದ ಲೈನಾ ಡಾವ್ಸ್ ಅನ್ನೋ ಕಪ್ಪು ಹೆಣ್ಮಗಳು ಮೆಟಲ್ ಶೋಗಳಾಗ ತಾನು ಪಟ್ಟಿದ್ದನ್ನ 2012ರಾಗ ಪುಸ್ತಕ ಮಾಡ್ಯಾಳ. "ನೀ ಇಲ್ಲಿ ಏನ್ ಮಾಡ್ಲಿಕತ್ತೀದಿ?" ಅನ್ನೋ ಪ್ರಶ್ನಿನ ಆ ಪುಸ್ತಕದ ಹೆಸರು. ನಿಮ್ಮ ಗೆಳೆಯಗ ಕೇಳಿದ್ದೂ ಅದ ಪ್ರಶ್ನಿ.

ಸಂಡೂರು ಅಣ್ಣಾರಿಗೆ: ಬಣ್ಣ ಇಲ್ಲ ಅಂದ್ರ ಹ್ಯಾಂಗ್ರಿ? 2016ರ ಜನವರಿಯೊಳಗ ಪ್ಯಾಂಟೆರಾ ಅನ್ನೋ ಮೆಟಲ್ ಬ್ಯಾಂಡಿನ ಗಾಯಕ ಫಿಲ್ ಅನ್ಸೆಲ್ಮೋ ಸ್ಟೇಜಿನ ಮ್ಯಾಲೆ ನಾಜಿ ಸಲ್ಯೂಟ್ ಹೊಡೆದು, ಬಿಳಿಯರ ಶಕ್ತಿ ಅಂತ ಕೂಗಿದ. ಆ ರಾತ್ರಿ ಅದೇ ಶೋದಾಗ ನುಡಿಸಿದ್ದ ಮಷೀನ್ ಹೆಡ್‌ನ ಗಾಯಕ ರಾಬ್ ಫ್ಲಿನ್ ಸುಮ್ಮನ ಕೂಡಲಿಲ್ಲ, ವಿಡಿಯೋ ಹಾಕಿ ಖಂಡಿಸಿದ. ಅನ್ಸೆಲ್ಮೋ ಕ್ಷಮಾ ಕೇಳಿದ. ಅಷ್ಟಾದ್ರೂ 2023ರಾಗ ಜರ್ಮನಿಯ ಎರಡು ದೊಡ್ಡ ಫೆಸ್ಟಿವಲ್ ಪ್ಯಾಂಟೆರಾನ ಕೈಬಿಟ್ಟವು. ಕೂಗಿದವರು ಎಷ್ಟು ಮಂದಿ ಅನ್ನೋದಕಿಂತ ಪಕ್ಕಕ್ಕ ನಿಂತವರು ಬಾಯಿ ತೆಗೆದ್ರೋ ಇಲ್ಲೋ ಅನ್ನೋದು ನೋಡ್ರಿ.

ಬಳ್ಳಾರಿ ಅಣ್ಣಾರ ಹೆಸರೆಲ್ಲಾ ಛಲೋ ಅವ, ನಾನೂ ಬರ್ಕೊಂಡೆ. ಆದ್ರ ಡಮಾಮಿ ಮಾತು ನಂಗ ಸರಿ ಬರಲಿಲ್ಲ. ಫೆಸ್ಟಿನ್ಯಾಗ "ನಿಮ್ಮ ಡಾನ್ಸ್ ಮಾಡ್ರಿ" ಅಂದ್ರು, ನಾವು "ನಿಮ್ಮ ಡೋಲು ತರ್ರಿ" ಅಂದ್ರ ಅವಗ ಬ್ಯಾರೆ ಏನ್ ಕೇಳಸ್ತದ? ಅವ ತಾನಾಗಿ ತಂದ್ರ ತರಲಿ. ಅವಗ ಡೆತ್ ಮೆಟಲ್ ಹಾಡೋದು ಬೇಕಾಗ್ಯದ. ಗಂಗಾವತಿ ಹುಡುಗ ಬೇಸ್ ನುಡಿಸಬೇಕಂದ್ರ ಕೋಲಾಟದ ಕೋಲು ತಾ ಅಂತ ಯಾರೂ ಕೇಳಂಗಿಲ್ಲಲ್ಲ.

ಕೌಲ್‌ಬಜಾರ್_ರಾಕರ್ (ಬಳ್ಳಾರಿ):

ಅಕ್ಕಾ ಹೇಳಿದ್ದು ನಿಜ. ಡಮಾಮಿ ಮಾತು ವಾಪಸ್ ತಗೋತೀನಿ. ಕೇಳೋರು ಬೆರಗಾಗೋದನ್ನ ಯೋಚಿಸಿದೆ, ಹಾಡೋನನ್ನ ಯೋಚಿಸಲಿಲ್ಲ.

ಗಂಗಾವತಿ_ಬೇಸ್:

ಅಕ್ಕಾರ ಪ್ರಶ್ನೆ ಓದಿ ಎರಡು ದಿನ ಉತ್ತರ ಬರೀಲಿಕ್ಕೆ ಆಗಲಿಲ್ಲ. ನಾವು ಏನೂ ಮಾಡಲಿಲ್ಲ ಅಕ್ಕಾ. ನಾನು ತಲಿ ಬಗ್ಗಿಸಿ ತಂತಿ ನೋಡ್ಕೋತ ನುಡಿಸಿದೆ. ಇನ್ನೊಂದೂ ಹೇಳಬೇಕು. ಫೆಸ್ಟಿನ ಪೋಸ್ಟರ್ ನಾವ ಮಾಡಿದ್ದು. ಅದರಾಗ ಅವನ ಫೋಟೋ ದೊಡ್ಡದು ಮಾಡಿ ಕೆಳಗ "ಆಫ್ರಿಕನ್ ಪವರ್" ಅಂತ ಹಾಕಿದ್ವಿ. ಅವನ್ನ ಕೇಳಿರಲಿಲ್ಲ.

ನಿನ್ನೆ ಅವನ ರೂಮಿಗೆ ಹೋಗಿದ್ದೆ. ಮೊದಲು ಆ ರಾತ್ರಿ ಸುಮ್ಮನ ನಿಂತಿದ್ದಕ್ಕ, ಆಮ್ಯಾಲೆ ಪೋಸ್ಟರಿಗೆ ತಪ್ಪಾತು ಅಂದೆ. ಮಂಗ್ಯಾನ ಸದ್ದು ಮಾಡಿದವರಿಗಿಂತ ಪೋಸ್ಟರ ಹೆಚ್ಚು ಚುಚ್ಚಿತ್ತಂತ. "ಅವರು ಗುರುತಿಲ್ಲದೋರು, ನೀವು ಅಲ್ಲ" ಅಂದ. ಡಮಾಮಿ ಮಾತೂ ಬಂತು. ಅವರಜ್ಜಗ ಬಾರಿಸಾಕ ಬರ್ತಿತ್ತಂತ, ಇವಗ ಬರಂಗಿಲ್ಲ.

ಆಮ್ಯಾಲೆ ಡೆರಿಕ್ ಗ್ರೀನ್ ಹಾಡಿದ್ದು ಹಚ್ಚಿದೆ. ಇಯರ್‌ಫೋನ್ ಅವನ ಕಿವಿಗೊಂದು, ನನ್ನ ಕಿವಿಗೊಂದು. ಹಾಡಿದೋನು ಯಾರು ಅಂತ ಕೇಳಲೇ ಇಲ್ಲ. ಒಂದು ಸಾಲು ಹಿಂದಕ್ಕ ಸರಿಸಿ ಮೂರು ಸಲ ಕೇಳಿ, "ಇವ ಉಸಿರು ಎಲ್ಲಿ ತಗೋತಾನಲೇ?" ಅಂದ. ಕುಂತಲ್ಲೇ ಹೊಟ್ಟಿ ಮ್ಯಾಲೆ ಕೈ ಇಟ್ಕೊಂಡು ಸಣ್ಣಗ ಹಾಡಿ ನೋಡಿದ. ಆಮ್ಯಾಲೆ ಫೋಟೋ ತೋರಿಸಿದೆ, ಸ್ವಲ್ಪ ಹೊತ್ತು ನೋಡ್ಕೋತ ಕುಂತ.

ಈ ವಾರ ಅವಂದು ನೈಟ್ ಶಿಫ್ಟ್ ಐತಿ. ಭಾನುವಾರ ಮಧ್ಯಾಹ್ನ ಗೋಡೌನಿಗೆ ಅಕ್ಕಿ ಲೋಡ್ ಬರ್ತೈತಿ, ಚೀಲ ಇಳಿಸಿದ ಮ್ಯಾಲೆ ಬರ್ತೀನಿ ಅಂದಾನ. ಗೇಟಿನ ಹಾಡಿನ ನಡುವ ಉಸಿರಿಗೆ ಜಾಗ ಸಾಲವಲ್ದು, ಬೇಸ್ ಎರಡು ಬಾರ್ (ತಾಳದ ಎರಡು ಸುತ್ತು) ಉದ್ದ ಮಾಡು ಅಂತ ಹೇಳಿ ಕಳಿಸ್ಯಾನ.