ಪದಚರ್ಚೆ: ಐರಿಶ್ 'ಟೊಬರ್' ಬಾವಿಯೋ, ಒರತೆಯೋ?

ಗೆಳೆಯರೇ,

ಐರ್ಲೆಂಡಿನ ಹಳ್ಳಿಗಾಡಿನ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಾ 'ಟೊಬರ್' ಎಂಬ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಇಂಗ್ಲಿಷಿನ 'ವೆಲ್' ನೋಡಿ 'ಪವಿತ್ರ ಬಾವಿ' ಎಂದು ಬರೆದಿದ್ದೆ. ಓದಿದ ತಂಗಿ, "ರಾಟೆ ಎಲ್ಲಿ?" ಅಂದಳು. ಸರಿಯೇ. ಅಲ್ಲಿ ಸುಮಾರು 3,000 ಇಂಥ ಜಾಗಗಳಿವೆ, ಹೆಚ್ಚಿನವು ತೋಡಿದವಲ್ಲ, ತಾವಾಗಿಯೇ ನೀರು ಜಿನುಗುವ ತಾಣಗಳು. ಕ್ಲೇರ್ ಕೌಂಟಿಯ ಲಿಸ್‌ಕ್ಯಾನರ್ ಹತ್ತಿರ ಸಂತ ಬ್ರಿಜಿಡ್‌ಳ ಟೊಬರ್ ಇದೆ. ಜಪಮಾಲೆ, ತೀರಿಕೊಂಡವರ ಫೋಟೋ, ಪುಟ್ಟ ಮೂರ್ತಿಗಳು ಕಿಕ್ಕಿರಿದ ಇಕ್ಕಟ್ಟಾದ ಓಣಿ ದಾಟಿದರೆ ನೀರು. ಇದನ್ನು ಬಾವಿ ಅನ್ನಲು ನಾಲಿಗೆ ಏಳುವುದಿಲ್ಲ.

'ಒರತೆ' ಎಂದರೆ ನನಗೆ ಹೊಳೆಯ ಮರಳಲ್ಲಿ ಕೈಯಿಂದ ತೋಡಿದ ಗುಂಡಿಯೇ ಕಣ್ಣಿಗೆ ಬರುತ್ತದೆ. 'ತೀರ್ಥ'ದಲ್ಲಿ ದೇವಸ್ಥಾನದ ವಾಸನೆ ಜಾಸ್ತಿ. ದೇವರಾಯನದುರ್ಗದ ನಾಮದ ಚಿಲುಮೆ ನೆನಪಾಗಿ ಸದ್ಯಕ್ಕೆ 'ಚಿಲುಮೆ'ಗೆ ಒಲಿದಿದ್ದೇನೆ. ನಿಮ್ಮ ಕಡೆ ಬೇರೆ ಮಾತುಂಟೆ?

ಟೊಬರಿನ ಪಕ್ಕದ ಮುಳ್ಳುಮರಕ್ಕೆ ಬಟ್ಟೆಚೂರು ಕಟ್ಟುತ್ತಾರೆ. 'ಹರಕೆ ಬಟ್ಟೆ' ಎಂದು ಬರೆದು ಹೊಡೆದುಹಾಕಿದೆ. ನೋವಿರುವ ಜಾಗಕ್ಕೆ ಮುಟ್ಟಿಸಿ ಕಟ್ಟಿದ ಆ ಚೂರು ಕೊಳೆತಂತೆ ರೋಗವೂ ಕರಗುತ್ತದೆ ಎಂಬ ನಂಬಿಕೆ ಅದು. ಹರಕೆಯಲ್ಲಿ ಕೊಡುವುದುಂಟು, ಇಲ್ಲಿರುವುದು ಬಿಟ್ಟುಬರುವುದು. ಹತ್ತಿರದಲ್ಲಿ ಎಷ್ಟೋ ಕಡೆ ಕುಳಿಬಿದ್ದ ಹಳೆಯ ಕಲ್ಲು, 'ಬುಲ್ಲಾನ್', ಇರುತ್ತದೆ. ಕುಳಿಯಲ್ಲಿ ನಿಂತ ಮಳೆನೀರು ನರಹುಲಿಗೆ ಮದ್ದಂತೆ. ಇದಕ್ಕೆ 'ಒರಳುಕಲ್ಲು' ಚೆನ್ನಾಗಿ ಕೂತಿತು, ಚರ್ಚೆ ಬೇಡ.

ನಿಜವಾದ ತೊಡಕು ಸುತ್ತುವುದರಲ್ಲಿ. ಟೊಬರನ್ನು ಬಲಕ್ಕಿಟ್ಟುಕೊಂಡು ಸುತ್ತುವುದಕ್ಕೆ 'ಡೆಶಲ್' ಎನ್ನುತ್ತಾರೆ. ಅದರ ಮೂಲ 'ಡಾಸ್', ಅರ್ಥ ಬಲವೂ ಹೌದು, ತೆಂಕಣವೂ ಹೌದು, ಸಂಸ್ಕೃತದ 'ದಕ್ಷಿಣ'ದ ಹಾಗೇ. ಎರಡೂ ಒಂದೇ ಬೇರಿನ ಪದಗಳು. ಮೂಡಣಕ್ಕೆ ಮುಖಮಾಡಿ ನಿಂತರೆ ಬಲಗೈ ಇರುವುದು ತೆಂಕಣಕ್ಕೇ ತಾನೆ! ಹಾಗಾಗಿ 'ಪ್ರದಕ್ಷಿಣೆ' ಅಂದರೆ ಅನುವಾದಕ್ಕಿಂತ ನೆಂಟಸ್ತಿಕೆಯೇ ಆಯಿತು. ಆದರೂ ಹಳಗನ್ನಡದ 'ಬಲವಂದು' ಕಿವಿಗೆ ಹಿತ.

ಹಾಗಾದರೆ ಎಡಕ್ಕೆ ಸುತ್ತುವ 'ತುಅಹಲ್'? ಅದು ಕೇಡಿನ ಸುತ್ತು. ಕ್ಯಾವನ್ ಕೌಂಟಿಯ ಬ್ಲಾಕ್‌ಲಯನ್ ಬಳಿ ಇಂಥದ್ದೇ ಒಂದು ಕುಳಿಗಲ್ಲಿದೆ. ಕುಳಿಗಳಲ್ಲಿರುವ ಗುಂಡುಕಲ್ಲುಗಳನ್ನು ಎಡಕ್ಕೆ ತಿರುಗಿಸಿ ಆಗದವರಿಗೆ ಶಾಪ ಹಾಕುತ್ತಿದ್ದರು ಎಂಬ ಮಾತಿದೆ. 'ಅಪ್ರದಕ್ಷಿಣೆ' ಪಂಚಾಂಗದ ಮಾತಾಯಿತು, 'ಎಡವಂದು' ನಾನೇ ಹೊಸೆದದ್ದು. ಮಾಟಮಂತ್ರದ ಮಾತಿನಲ್ಲಿ, ಅಜ್ಜಿಯರ ಬಾಯಲ್ಲಿ ಎಡಸುತ್ತಿಗೆ ಬೇರೆ ಹೆಸರು ಕೇಳಿದವರಿದ್ದರೆ ತಿಳಿಸಿ.